ಪುಟ ಜೋಡಿಸಲು ಕಡತ ಊರು ಬಿಡಬೇಕಿಲ್ಲ

ತಾಲ್ಲೂಕು ಕಚೇರಿ, ಉಪನೋಂದಣಾಧಿಕಾರಿ ಕಚೇರಿ, ಒಂದು ಬ್ಯಾಂಕು. ಈ ಮೂರರ ನಡುವೆ ಇರುವ ನನ್ನ ಜೆರಾಕ್ಸ್ ಅಂಗಡಿಗೆ ಎಂಥೆಂಥ ಕಾಗದ ಬರುತ್ತವೆಂದು ಬೇರೆ ಹೇಳಬೇಕಿಲ್ಲ. ಪಹಣಿ, ಇಸಿ, ಕ್ರಯಪತ್ರ, ವಂಶವೃಕ್ಷ, ಜಾತಿ-ಆದಾಯ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲಕ್ಕೂ ಜೊತೆಯಾಗಿ ಆಧಾರ್. ಹಿಂದೆ ಇವನ್ನೆಲ್ಲ ಒಂದು ಟ್ಯಾಗ್ ಪೋಣಿಸಿ ಕೊಟ್ಟರೆ ಮುಗಿಯುತ್ತಿತ್ತು. ಈಗ ‘ಎಲ್ಲ ಸೇರಿಸಿ ಒಂದೇ ಪಿಡಿಎಫ್, 2 ಎಂಬಿ ಒಳಗೆ’ ಅನ್ನುತ್ತದೆ ಅರ್ಜಿಯ ಪುಟ. ಅಂಗಡಿಗೆ ಕೆಲಸಕ್ಕೆ ಸೇರುವ ಹುಡುಗರು ಮೊದಲ ದಿನ ಮಾಡುವುದೂ ಒಂದೇ ಕೆಲಸ. ಗೂಗಲ್‌ನಲ್ಲಿ ‘ಮರ್ಜ್ ಪಿಡಿಎಫ್’ ಅಂತ ಹುಡುಕಿ, ಮೊದಲು ಸಿಕ್ಕ ತಾಣದೊಳಕ್ಕೆ ಇಡೀ ಕುಟುಂಬದ ದಾಖಲೆ ಎಳೆದು ಹಾಕುವುದು. ಆ ಅಭ್ಯಾಸ ಬಿಡಿಸಲು ಅವರಿಗೆ ಹೇಳುತ್ತ ಬಂದ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

1. ಜೋಡಿಸುವುದೆಂದರೆ ಹೊಸ ಪಟ್ಟಿ ಬರೆಯುವುದು, ಅಷ್ಟೆ

ಮರ್ಜ್ ಮಾಡುವುದು ದೊಡ್ಡ ಕಂಪ್ಯೂಟರುಗಳು ಮಾಡಬೇಕಾದ ಕೆಲಸ ಎಂಬ ಭ್ರಮೆ ಮೊದಲು ಹೋಗಬೇಕು. ಪಿಡಿಎಫ್ ಒಳಗೆ ಇರುವುದು ನಂಬರು ಹಾಕಿದ ತುಣುಕುಗಳು. ಒಂದು ತುಣುಕು ಪುಟ, ಒಂದು ಅದರ ಮೇಲಿನ ಚಿತ್ರ, ಇನ್ನೊಂದು ಅಕ್ಷರಶೈಲಿ. ಯಾವ ತುಣುಕು ಕಡತದ ಎಷ್ಟನೇ ಬೈಟ್‌ನಲ್ಲಿ ಶುರುವಾಗುತ್ತದೆ ಎಂಬ ಪಟ್ಟಿ ಸಾಮಾನ್ಯವಾಗಿ ಕಡತದ ಕೊನೆಯಲ್ಲಿರುತ್ತದೆ. ಪಿಡಿಎಫ್ ತೆರೆಯುವ ತಂತ್ರಾಂಶ ಮೊದಲು ಬಾಲ ನೋಡುತ್ತದೆ, ಆಮೇಲೆ ತಲೆ. ಹಾಗಾಗಿಯೇ ಎರಡು ಕಡತಗಳನ್ನು ಒಂದರ ಹಿಂದೆ ಒಂದು ಸುಮ್ಮನೆ ಅಂಟಿಸಿದರೆ ಕೆಲಸ ಆಗುವುದಿಲ್ಲ. ಹಳೆಯ ಪಟ್ಟಿಗಳು ತಪ್ಪಾಗುತ್ತವೆ. ಮರ್ಜ್ ಮಾಡುವ ತಂತ್ರಾಂಶ ಎರಡನೇ ಕಡತದ ತುಣುಕುಗಳಿಗೆ ಹೊಸ ನಂಬರು ಕೊಟ್ಟು, ಪುಟಗಳ ಕ್ರಮ ಒಂದೇ ಕಡೆ ಬರೆದು, ಕೊನೆಗೆ ಹೊಸ ಪಟ್ಟಿ ಇಡುತ್ತದೆ. ಒಳಗಿನ ಚಿತ್ರವನ್ನು ಅದು ಬಿಚ್ಚಿ ನೋಡುವ ಅಗತ್ಯವೇ ಇಲ್ಲ.

ಇದರಿಂದ ತಿಳಿಯಬೇಕಾದ್ದು ಎರಡು. ಈ ಕೆಲಸಕ್ಕೆ ಅಂಗಡಿಯ ಹಳೇ ಕಂಪ್ಯೂಟರು ಧಾರಾಳವಾಯಿತು. ನೂರು ಪುಟದ ಕ್ರಯಪತ್ರಗಳ ಕಟ್ಟು ಕೂಡ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಎರಡನೆಯದು, ಮರ್ಜ್ ಆದ ಮೇಲೆ ಅಕ್ಷರ ಮಸುಕಾಗಿದ್ದರೆ ಆ ತಂತ್ರಾಂಶ ಮರ್ಜ್ ಮಾಡಿಲ್ಲ, ಪುಟಗಳನ್ನು ಮತ್ತೆ ಚಿತ್ರ ಮಾಡಿ ಒತ್ತಿದೆ. ನಿಜವಾದ ಮರ್ಜ್‌ನಲ್ಲಿ ಗುಣಮಟ್ಟ ಒಂದು ಚೂರೂ ಇಳಿಯಬಾರದು.

ಅಡೋಬಿ ಕಂಪನಿ 1993ರಲ್ಲಿ ಹೊರತಂದ ಈ ವಿನ್ಯಾಸ 2008ರಲ್ಲಿ ಐಎಸ್ಒ ಮಾನಕವಾಯಿತು. ಅಂದಮೇಲೆ ಪಿಡಿಎಫ್ ಜೋಡಿಸುವ ತಂತ್ರಾಂಶ ಯಾರು ಬೇಕಾದರೂ ಬರೆಯಬಹುದು, ಬರೆದು ಪುಕ್ಕಟೆ ಹಂಚಬಹುದು. ಹಂಚಿದ್ದಾರೆ ಕೂಡ. ಕೈಯಲ್ಲಿ ಇರುವುದನ್ನು ಬಿಟ್ಟು ನಾವು ಹುಡುಕುತ್ತಿರುವುದು ಯಾವುದೋ ದೇಶದ ಸರ್ವರ್.

2. ‘ಎರಡು ಗಂಟೆಯಲ್ಲಿ ಅಳಿಸುತ್ತೇವೆ’ ಎಂಬುದು ಮಾತು, ರಸೀದಿಯಲ್ಲ

ಅಪ್‌ಲೋಡ್ ಎಂದರೆ ನಕಲು ಕೊಡುವುದು. ಹೆಸರುವಾಸಿ ತಾಣಗಳೆಲ್ಲ ಕಳ್ಳರು ಅಂತ ನಾನು ಹೇಳುವುದಿಲ್ಲ. ಹೇಳಿದಂತೆ ಅಳಿಸುವವರೂ ಇದ್ದಾರು. ಅಳಿಸಿದರೋ ಇಲ್ಲವೋ ಎಂದು ನೋಡುವ ದಾರಿ ನಮಗಿಲ್ಲ ಎನ್ನುವುದು ನನ್ನ ತಕರಾರು. 2017ರಲ್ಲಿ ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ಒಂದು ವರದಿ ಮಾಡಿತು. ಅಲ್ಲಿನ ತೈಲ ಕಂಪನಿ ಸ್ಟಾಟ್‌ಆಯಿಲ್‌ನ ನೌಕರರು ಟ್ರಾನ್ಸ್‌ಲೇಟ್ ಡಾಟ್ ಕಾಮ್ ಎಂಬ ಉಚಿತ ಅನುವಾದ ತಾಣಕ್ಕೆ ಹಾಕಿದ ಪಠ್ಯಗಳು ಗೂಗಲ್ ಹುಡುಕಾಟದಲ್ಲಿ ಸಿಗುತ್ತಿದ್ದವು. ವಜಾ ಪತ್ರ, ಒಪ್ಪಂದ, ಪಾಸ್‌ವರ್ಡ್ ಎಲ್ಲ ಅದರಲ್ಲಿದ್ದವು. ಯಾರೂ ಕನ್ನ ಹಾಕಿರಲಿಲ್ಲ, ತಾಣವೇ ಅವನ್ನು ಉಳಿಸಿಟ್ಟುಕೊಂಡಿತ್ತು.

ಹೆಸರೇ ಕೇಳಿರದ ತಾಣಗಳ ಕತೆ ಇನ್ನೂ ಕೆಟ್ಟದ್ದು. 2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ ಉಚಿತ ಕಡತ-ಪರಿವರ್ತಕ ತಾಣಗಳ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಕೆಲವು ತಾಣಗಳು ಹೇಳಿದ ಕೆಲಸ ಮಾಡಿಕೊಟ್ಟು, ಮರಳಿ ಬರುವ ಕಡತದ ಜೊತೆ ವೈರಸ್ಸನ್ನೂ ಕಳಿಸುತ್ತವೆ. ಹಾಕಿದ ಕಡತದಿಂದ ಗುರುತಿನ ಸಂಖ್ಯೆ, ಬ್ಯಾಂಕ್ ವಿವರ ಹೆಕ್ಕುತ್ತವೆ. ಕೆಲಸ ಸರಿಯಾಗಿ ಆಗುವುದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ.

ನನ್ನದೇ ಕಾಗದವಾದರೆ ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು. ಗಿರಾಕಿಯ ಕಾಗದವನ್ನು ಅವರನ್ನು ಕೇಳದೆ ಹಾಕುವುದು ಬೇರೆಯೇ ಮಾತು. ಕೇಳಿದರೆ ಅವರು ‘ಹೆಂಗೋ ಮಾಡ್ಕೊಡಿ ಸಾರ್’ ಅಂದಾರು. ಅದನ್ನು ಒಪ್ಪಿಗೆ ಅಂತ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

3. ಬ್ರೌಸರ್‌ನಲ್ಲೇ ಜೋಡಿಸುವ ತಾಣವನ್ನು ಪರೀಕ್ಷೆ ಮಾಡಿ ನಂಬಿ

‘ನಿಮ್ಮ ಕಡತ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ’ ಎನ್ನುವ ತಾಣಗಳೂ ಇವೆ. ಅದು ಸುಳ್ಳೇ ಆಗಿರಬೇಕಿಲ್ಲ, ಜಾವಾಸ್ಕ್ರಿಪ್ಟ್‌ನಲ್ಲಿ ಇಡೀ ಕೆಲಸ ಬ್ರೌಸರ್ ಒಳಗೇ ಮಾಡಬಹುದು. ಪರೀಕ್ಷೆ ಸುಲಭ: ಪುಟ ಪೂರ್ತಿ ತೆರೆದ ಮೇಲೆ ವೈಫೈ ಆಫ್ ಮಾಡಿ, ಆಮೇಲೆ ಕಡತ ಹಾಕಿ. ಜೋಡಣೆ ಆದರೆ ಮಾತು ನಿಜ. ಕಡತ ಉಳಿಸಿಕೊಂಡು ಆ ಟ್ಯಾಬ್ ಮುಚ್ಚಿ, ಅನಂತರವೇ ನೆಟ್ ಆನ್ ಮಾಡಿ. ಈ ಕೊನೆಯ ಹೆಜ್ಜೆಯನ್ನು ಎಲ್ಲರೂ ಮರೆಯುತ್ತಾರೆ. ಸ್ವಲ್ಪ ಕುತೂಹಲ ಇರುವವರು ಎಫ್12 ಒತ್ತಿ ‘ನೆಟ್‌ವರ್ಕ್’ ಎಂಬಲ್ಲಿ ಏನು ಹೊರಗೆ ಹೋಗುತ್ತಿದೆ ಎಂದೂ ನೋಡಬಹುದು. ಆದರೆ ಇವತ್ತು ಪಾಸಾದ ತಾಣ ನಾಳೆ ಬದಲಾಗಬಹುದು. ಆದ್ದರಿಂದ ಅಂಗಡಿಗೆ ಇದು ಹೊಂದುವುದಿಲ್ಲ, ಯಾವಾಗಲೋ ಒಮ್ಮೆ ಬೇಕಾಗುವವರಿಗೆ ಸರಿ.

4. ಒಂದು ಸಾಧನ ಇನ್‌ಸ್ಟಾಲ್ ಮಾಡಿ, ಅದನ್ನೇ ಚೆನ್ನಾಗಿ ಕಲಿಯಿರಿ

ವಿಂಡೋಸ್‌ನಲ್ಲಿ ಪಿಡಿಎಫ್ ಜೋಡಿಸುವ ಸೌಲಭ್ಯ ತಾನಾಗಿ ಬರುವುದಿಲ್ಲ. ಇಷ್ಟೊಂದು ಜನ ತಾಣಗಳ ಹಿಂದೆ ಬೀಳಲು ಈ ಒಂದು ಕೊರತೆಯೇ ಕಾರಣ ಎಂದು ನನ್ನ ಗುಮಾನಿ. ನಮ್ಮಲ್ಲಿ ಇರುವುದು ಪಿಡಿಎಫ್‌ಸ್ಯಾಮ್ ಬೇಸಿಕ್: ಉಚಿತ, ಮುಕ್ತ ತಂತ್ರಾಂಶ, ನೆಟ್ ಇಲ್ಲದೆಯೂ ನಡೆಯುತ್ತದೆ. ಪುಟಗಳನ್ನು ಕಣ್ಣಾರೆ ನೋಡಿ ಎಳೆದು ಹಿಂದೆಮುಂದೆ ಮಾಡಬೇಕೆನ್ನುವವರಿಗೆ ಪಿಡಿಎಫ್ ಅರೇಂಜರ್ ಒಳ್ಳೆಯದು. ಟೈಪ್ ಮಾಡಿ ಆಜ್ಞೆ ಕೊಡಲು ಅಂಜದವರಿಗೆ ಕ್ಯೂಪಿಡಿಎಫ್. ಲಿನಕ್ಸ್‌ನಲ್ಲಿ ಪಾಪ್ಲರ್ ಸಾಧನಗಳ ಜೊತೆ ಪಿಡಿಎಫ್‌ಯುನೈಟ್ ಬರುತ್ತದೆ. ಮ್ಯಾಕ್ ಇದ್ದವರು ಏನನ್ನೂ ಹುಡುಕಬೇಕಿಲ್ಲ. ಪ್ರಿವ್ಯೂನಲ್ಲಿ ಒಂದು ಕಡತದ ಪುಟಚಿತ್ರಗಳನ್ನು ಇನ್ನೊಂದರ ಪಟ್ಟಿಗೆ ಎಳೆದು ಬಿಟ್ಟರಾಯಿತು. ಅದು ಮೂಲ ಕಡತದಲ್ಲೇ ಉಳಿಸಿಬಿಡುತ್ತದೆ, ಆದ್ದರಿಂದ ಮೊದಲು ಒಂದು ನಕಲು ಮಾಡಿಕೊಳ್ಳಿ.

ಇನ್‌ಸ್ಟಾಲ್ ಮಾಡುವಾಗ ಮೂಲ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಬೇಕು. ಹುಡುಕಾಟದ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಬರುವುದು ಜಾಹೀರಾತು.

ಪಿಡಿಎಫ್‌ಸ್ಯಾಮ್‌ನಲ್ಲಿ ‘ಆಲ್ಟರ್ನೇಟ್ ಮಿಕ್ಸ್’ ಎಂಬ ಆಯ್ಕೆಯೊಂದಿದೆ. ಕ್ರಯಪತ್ರದ ಕೆಲಸ ಮಾಡುವವರಿಗೆ ಇದು ವರದಾನ. ಎರಡೂ ಬದಿ ಬರೆದ ಕಾಗದವನ್ನು ಒಂದೇ ಬದಿ ಓದುವ ಸ್ಕ್ಯಾನರ್‌ಗೆ ಕಟ್ಟಾಗಿ ಕೊಟ್ಟರೆ ಮೊದಲು 1, 3, 5 ಬರುತ್ತವೆ; ಕಟ್ಟು ತಿರುಗಿಸಿ ಹಾಕಿದರೆ 6, 4, 2 ಉಲ್ಟಾ ಬರುತ್ತವೆ. ಎರಡನೇ ಕಡತಕ್ಕೆ ‘ರಿವರ್ಸ್’ ಟಿಕ್ ಮಾಡಿ ಮಿಕ್ಸ್ ಕೊಟ್ಟರೆ ಜಡೆ ಹೆಣೆದ ಹಾಗೆ 1, 2, 3, 4 ಸೇರಿಕೊಳ್ಳುತ್ತವೆ. ಇದು ಗೊತ್ತಿಲ್ಲದ ಹುಡುಗರು ಒಂದೊಂದೇ ಪುಟ ತಿರುಗಿಸಿ ಸ್ಕ್ಯಾನ್ ಮಾಡುತ್ತ ಮಧ್ಯಾಹ್ನ ಕಳೆಯುತ್ತಾರೆ.

5. 2 ಎಂಬಿ ಮಿತಿಗೆ ಉತ್ತರ ಸ್ಕ್ಯಾನರ್‌ನಲ್ಲಿದೆ

ಜೋಡಿಸುವುದು ಕಲಿತವರೂ ಕೊನೆಗೆ ತಾಣಕ್ಕೆ ಹೋಗುವುದು ಗಾತ್ರ ಕುಗ್ಗಿಸಲು. ಆ ತೊಂದರೆ ಹುಟ್ಟುವ ಜಾಗದಲ್ಲೇ ನಿಲ್ಲಿಸಿ. ಎ4 ಹಾಳೆಯನ್ನು 300 ಡಿಪಿಐಗೆ ಸ್ಕ್ಯಾನ್ ಮಾಡಿದರೆ 2480 ಅಡ್ಡ 3508 ಉದ್ದ, ಅಂದರೆ 87 ಲಕ್ಷ ಚುಕ್ಕಿ. 150ಕ್ಕೆ ಇಳಿಸಿದರೆ ಅದರ ಕಾಲು ಭಾಗ. ಮಾರ್ಕ್ಸ್ ಕಾರ್ಡು, ಪಹಣಿ 150ರಲ್ಲೂ ಚೆನ್ನಾಗಿ ಓದಬಹುದು. ಬಣ್ಣದ ಬದಲು ಗ್ರೇಸ್ಕೇಲ್ ಆರಿಸಿದರೆ ಇನ್ನೂ ಇಳಿಯುತ್ತದೆ. ಮಡಿಕೆ ಬಿದ್ದು ಶಾಯಿ ಮಾಸಿದ ಹಳೇ ಕೈಬರಹದ ಪತ್ರಗಳಿಗೆ ಮಾತ್ರ 300 ಬೇಕು, ಅಲ್ಲಿ ಜಿಪುಣತನ ಮಾಡಬೇಡಿ.

ಗಿರಾಕಿ ಮೊಬೈಲಿನಲ್ಲಿ ಫೋಟೊ ಹೊಡೆದು ತಂದಿದ್ದರೆ ಮಂಚದ ಹೊದಿಕೆ, ಕಾಲ ಬೆರಳು ಎಲ್ಲ ಸೇರಿಯೇ ಬಂದಿರುತ್ತವೆ. ಅಂಚು ಕತ್ತರಿಸಿದರೆ ಅರ್ಧ ಭಾರ ಇಳಿದೀತು. ಇಷ್ಟಾದ ಮೇಲೂ ಮಿತಿ ದಾಟಿದರೆ ಘೋಸ್ಟ್‌ಸ್ಕ್ರಿಪ್ಟ್ ಎಂಬ ಉಚಿತ ಸಾಧನ ಇದ್ದಲ್ಲೇ ಕುಗ್ಗಿಸುತ್ತದೆ. ಅದರ ‘ಇಬುಕ್’ ಆಯ್ಕೆ ಚಿತ್ರಗಳನ್ನು 150 ಡಿಪಿಐಗೆ, ‘ಸ್ಕ್ರೀನ್’ ಆಯ್ಕೆ 72ಕ್ಕೆ ಇಳಿಸುತ್ತದೆ. 72ರಲ್ಲಿ ಸರ್ವೆ ನಂಬರು ಓದಲಾಗದೆ ಅರ್ಜಿ ವಾಪಸು ಬರುವ ಸಂಭವವೇ ಹೆಚ್ಚು.

6. ಇ-ಆಧಾರ್ ಮತ್ತು ಸಹಿ ಇರುವ ಕಡತಗಳನ್ನು ಬೇರೆಯಾಗಿ ನೋಡಿ

ಇ-ಆಧಾರ್ ಪಾಸ್‌ವರ್ಡ್ ಕೇಳುತ್ತದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಹುಟ್ಟಿದ ವರ್ಷ. ಅಂದರೆ ಮಾರ್ಕ್ಸ್ ಕಾರ್ಡು ನೋಡಿದ ಯಾರಿಗಾದರೂ ಈ ಬೀಗ ತೆಗೆಯಲು ಬರುತ್ತದೆ. ಬೀಗ ತೆಗೆದು ಜೋಡಿಸಿದ ಹೊಸ ಕಡತಕ್ಕೆ ಬೀಗವೇ ಇರುವುದಿಲ್ಲ. ಇಮೇಲ್‌ನಲ್ಲಿ ಬ್ಯಾಂಕಿಗೋ ವಕೀಲರಿಗೋ ಕಳಿಸುವುದಾದರೆ ಜೋಡಿಸಿದ ಮೇಲೆ ಹೊಸ ಪಾಸ್‌ವರ್ಡ್ ಹಾಕಿ, ಅದನ್ನು ಫೋನಿನಲ್ಲಿ ಹೇಳಿ. ಅದೇ ಇಮೇಲ್‌ನ ಕೆಳಗೆ ಪಾಸ್‌ವರ್ಡ್ ಬರೆದು ಕಳಿಸುವವರನ್ನು ನೋಡಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಎರಡನೆಯದು ಡಿಜಿಟಲ್ ಸಹಿ. ಆಧಾರ್, ಡಿಜಿಲಾಕರ್‌ನಿಂದ ಇಳಿಸಿದ ಅನೇಕ ದಾಖಲೆಗಳಲ್ಲಿ ಇದು ಇರುತ್ತದೆ. ಈ ಸಹಿ ಇರುವುದೇ ಕಡತದ ಒಂದು ಬೈಟ್ ಬದಲಾದರೂ ಸುಳಿವು ಕೊಡುವುದಕ್ಕೆ. ಮರ್ಜ್ ಎಂದರೆ ಇಡೀ ಕಡತ ಹೊಸದಾಗಿ ಬರೆದಂತೆ, ಆದ್ದರಿಂದ ಸಹಿ ಮುರಿಯಲೇಬೇಕು. ಪುಟದ ಮೇಲೆ ಸಹಿಯ ಗುರುತು ಕಾಣುತ್ತಿದ್ದರೂ ಅದು ಬರೀ ಚಿತ್ರ. ಸಹಿ ಪರಿಶೀಲಿಸುವ ಕಚೇರಿಗೆ ಮೂಲ ಕಡತವನ್ನು ಬೇರೆಯಾಗಿಯೇ ಕೊಡಬೇಕು. ಗಿರಾಕಿಗೂ ಹೇಳಿ, ‘ಜೋಡಿಸಿದ್ದು ಬಂತಲ್ಲ’ ಅಂತ ಮೂಲ ಅಳಿಸಿ ಕೂತರೆ ಮತ್ತೆ ಓಟಿಪಿ, ಮತ್ತೆ ಸರತಿ.

ಪೂರ್ತಿ ಸಂಖ್ಯೆ ಬೇಕೇ ಬೇಕು ಅನ್ನದ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದವು ಅದರಲ್ಲಿ ಕಾಣುವುದಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆಯಲ್ಲಿ ಇದನ್ನು ಹೇಳಿತ್ತು. ಸೈಬರ್ ಕೆಫೆಯಲ್ಲಿ ಇ-ಆಧಾರ್ ಇಳಿಸಬೇಡಿ, ಇಳಿಸಿದರೆ ಪೂರ್ತಿ ಅಳಿಸಿ ಎಂದೂ ಸೇರಿಸಿತ್ತು. ಜನ ಗಾಬರಿಯಾದರು. ತಪ್ಪಾಗಿ ಅರ್ಥೈಸುವ ಸಾಧ್ಯತೆ ಇದೆ ಎಂದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ಪ್ರಕಟಣೆ ವಾಪಸು ಪಡೆಯಿತು. ಪ್ರಕಟಣೆ ಹೋದರೂ ಸಲಹೆ ಸರಿಯಾಗಿಯೇ ಇತ್ತು. ಅಂಥದ್ದೇ ಅಂಗಡಿ ನಡೆಸುವವನಾಗಿ ಹೇಳುತ್ತಿದ್ದೇನೆ.

7. ಕಪ್ಪು ಪಟ್ಟಿ ಹಾಕಿದ ಮಾತ್ರಕ್ಕೆ ಮುಚ್ಚಿದಂತಾಗಲಿಲ್ಲ

ಪಿಡಿಎಫ್‌ನ ಅಕ್ಷರದ ಮೇಲೆ ಕಪ್ಪು ಚೌಕ ಎಳೆದರೆ ಚೌಕ ಒಂದು ತುಣುಕಾಗಿ ಸೇರುತ್ತದೆ, ಅಡಿಯ ಅಕ್ಷರ ಹಾಗೇ ಇರುತ್ತದೆ. ಮರ್ಜ್ ಎರಡನ್ನೂ ಸಲೀಸಾಗಿ ಹೊಸ ಕಡತಕ್ಕೆ ಸಾಗಿಸುತ್ತದೆ. 2019ರ ಜನವರಿಯಲ್ಲಿ ಅಮೆರಿಕದಲ್ಲಿ ಪಾಲ್ ಮನಫೋರ್ಟ್ ಎಂಬ ರಾಜಕೀಯ ಸಲಹೆಗಾರನ ಪರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ಕಡತದ ಕಪ್ಪು ಸಾಲುಗಳನ್ನು ಪತ್ರಕರ್ತರು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರು, ಮುಚ್ಚಿದ್ದೆಲ್ಲ ಓದಲು ಬಂತು. ಅಂಥ ದೊಡ್ಡ ವಕೀಲರಿಗೇ ಆದದ್ದು ನಮಗೆ ಆಗದೆ ಇರುತ್ತದೆಯೇ. ಮುಚ್ಚಬೇಕಾದ ಪುಟವನ್ನು ಮುಚ್ಚಿದ ಮೇಲೆ ಚಿತ್ರವಾಗಿ ಬದಲಿಸಿ, ಆಮೇಲೆ ಜೋಡಿಸಬೇಕು. ಇನ್ನೂ ಸುಲಭದ ದಾರಿ ಬೇಕೆಂದರೆ ಮುದ್ರಿಸಿ, ಮಾರ್ಕರ್ ಬಳಿದು, ಮೇಲೊಂದು ಚೀಟಿ ಅಂಟಿಸಿ ಸ್ಕ್ಯಾನ್ ಮಾಡಿ. ಮಾರ್ಕರ್ ಒಂದನ್ನೇ ನಂಬಬೇಡಿ. ಬೆಳಕು ಹೆಚ್ಚಿಸಿದರೆ ಅಡಿಯ ಅಚ್ಚು ಕಾಣುತ್ತದೆ.

ಏನನ್ನು ಮುಚ್ಚಬೇಕು? ಕ್ರಯಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಹೆಬ್ಬೆಟ್ಟಿನ ಗುರುತು. ಆಧಾರ್ ಆಧಾರಿತ ಪಾವತಿಗೆ, ಅಂದರೆ ಎಇಪಿಎಸ್‌ಗೆ, ಬೇಕಾಗುವುದು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಓಟಿಪಿ ಕೇಳುವುದಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ನೋಂದಣಿ ಪತ್ರಗಳಿಂದ ಬೆರಳಚ್ಚು ತೆಗೆದು ಖಾತೆಗಳಿಂದ ಹಣ ಎಗರಿಸಿದ ಪ್ರಕರಣಗಳು ಪೊಲೀಸರ ಮುಂದೆ ಬಂದವು. ಅಂದಿನಿಂದ ಕ್ರಯಪತ್ರದ ಕೆಲಸಕ್ಕೆ ಬಂದವರಿಗೆಲ್ಲ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಅಂತ ಹೇಳುತ್ತೇನೆ.

‘ನನ್ ಹತ್ರ ಕದಿಯಕ್ಕೆ ಏನೈತೆ ಸಾರ್’ ಅನ್ನುವ ಯಜಮಾನರು ದಿನಕ್ಕೊಬ್ಬರಾದರೂ ಸಿಗುತ್ತಾರೆ. ‘ಪಿಂಚಣಿ ಯಾವ ಖಾತೆಗೆ ಬೀಳುತ್ತೆ ಯಜಮಾನ್ರೇ?’ ಅಂದರೆ ಸುಮ್ಮನಾಗುತ್ತಾರೆ. ಖಾಸಗಿತನ ಎಂದರೆ ಓದಿದವರ ಚಟ ಎಂಬ ಮಾತೂ ಕೇಳಿದ್ದೇನೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಅದನ್ನು ಮೂಲಭೂತ ಹಕ್ಕೆಂದು ಸಾರಿದ ಮೊಕದ್ದಮೆ ಹೂಡಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ಮೇಲೆ. ಅವರ ತಕರಾರು ಶುರುವಾದದ್ದೂ ಇದೇ ಆಧಾರ್ ಬಗ್ಗೆ.

8. ನುಡಿ, ಬರಹದ ಕಾಗದಗಳು

ಹಳೇ ನುಡಿ, ಬರಹ ಅಕ್ಷರಶೈಲಿಯಲ್ಲಿ ಮಾಡಿದ ಪಿಡಿಎಫ್‌ನೊಳಗೆ ಆ ಅಕ್ಷರಶೈಲಿ ಅಡಕವಾಗಿರದಿದ್ದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಕನ್ನಡ ಕಾಣುತ್ತದೆ, ಕಚೇರಿಯ ಕಂಪ್ಯೂಟರ್‌ನಲ್ಲಿ ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. ಜೋಡಿಸುವ ಮೊದಲು ಪಿಡಿಎಫ್ ರೀಡರ್‌ನ ‘ಪ್ರಾಪರ್ಟೀಸ್’ ತೆರೆದು ‘ಫಾಂಟ್ಸ್’ ಪಟ್ಟಿಯಲ್ಲಿ ‘ಎಂಬೆಡೆಡ್’ ಎಂದಿದೆಯೋ ನೋಡಿ. ಇಲ್ಲದಿದ್ದರೆ ಮೂಲದಿಂದ ಮತ್ತೆ ಪಿಡಿಎಫ್ ಮಾಡಿ.

9. ನಿಮ್ಮದೇ ಕಂಪ್ಯೂಟರ್ ಎಷ್ಟು ಖಾಸಗಿ?

ಅಪ್‌ಲೋಡ್ ಮಾಡಲಿಲ್ಲ ಎಂದು ಬೀಗುವ ಮೊದಲು ಅಂಗಡಿಯ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿ. ಹೋದ ವರ್ಷದ ಯಾರದೋ ಪಾನ್ ಕಾರ್ಡು ಅಲ್ಲೇ ಇರುತ್ತದೆ. ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಅಂಗಡಿಯ ಮೊಬೈಲಿನಲ್ಲೊಂದು, ವಾಟ್ಸ್‌ಆ್ಯಪ್ ವೆಬ್‌ನಿಂದ ಇಳಿಸಿದ್ದೊಂದು, ಜೋಡಿಸಿದ್ದೊಂದು, ಕುಗ್ಗಿಸಿದ್ದೊಂದು, ರೀಸೈಕಲ್ ಬಿನ್‌ನಲ್ಲೊಂದು. ಒಂದು ಆಧಾರ್‌ಗೆ ಐದು ನಕಲು. ಸ್ಕ್ಯಾನರ್‌ನ ತಂತ್ರಾಂಶ ತನ್ನದೇ ಫೋಲ್ಡರ್‌ನಲ್ಲಿ ಇಟ್ಟುಕೊಂಡಿರುವುದು ಲೆಕ್ಕಕ್ಕೆ ಸಿಗುವುದೂ ಇಲ್ಲ.

ಇನ್ನೊಂದು ಕಳ್ಳಬಾಗಿಲಿದೆ. ಈಗಿನ ವಿಂಡೋಸ್‌ನಲ್ಲಿ ಒನ್‌ಡ್ರೈವ್ ಬ್ಯಾಕಪ್ ಆನ್ ಆಗಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳಲ್ಲಿ ಇಟ್ಟದ್ದೆಲ್ಲ ತಾನಾಗಿ ಕ್ಲೌಡ್‌ಗೆ ಹೋಗುತ್ತದೆ. ನೀವು ನೆಟ್ ಬಳಸದೆ ಜೋಡಿಸಿ ಡೆಸ್ಕ್‌ಟಾಪ್‌ನಲ್ಲಿ ಉಳಿಸಿದಿರಿ, ಅದು ಆ ಕ್ಷಣವೇ ಹೊರಟಿತು. ಕೆಲಸದ ಫೋಲ್ಡರನ್ನು ಇವೆರಡರ ಹೊರಗೆ, ಡಿ ಡ್ರೈವ್‌ನಲ್ಲೋ ಇನ್ನೆಲ್ಲೋ ಇಟ್ಟುಕೊಳ್ಳಿ. ಬ್ರೌಸರ್, ವಾಟ್ಸ್‌ಆ್ಯಪ್, ಸ್ಕ್ಯಾನರ್ ಮೂರಕ್ಕೂ ಅದೇ ಫೋಲ್ಡರ್ ತೋರಿಸಿ. ಬಾಗಿಲು ಎಳೆಯುವ ಮೊದಲು ಅದನ್ನೂ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ, ಮೊಬೈಲಿನಲ್ಲಿರುವುದನ್ನೂ ಅಳಿಸಿದರೆ ಸಾಕು. ಹತ್ತು ಕಡೆ ಹುಡುಕಿ ಅಳಿಸುವ ಶಿಸ್ತು ಯಾರಿಗೂ ಬರುವುದಿಲ್ಲ, ನನಗೂ ಇಲ್ಲ.

ಜೆರಾಕ್ಸ್ ಯಂತ್ರದ ಮಾತು ಇಲ್ಲಿಯೇ ಬರಬೇಕು. ದೊಡ್ಡ ಡಿಜಿಟಲ್ ಯಂತ್ರಗಳಲ್ಲಿ ಹಾರ್ಡ್ ಡಿಸ್ಕ್ ಇರುತ್ತದೆ, ನಕಲು ತೆಗೆದ ಪುಟಗಳ ಚಿತ್ರ ಅದರಲ್ಲಿ ಉಳಿಯಬಹುದು. 2010ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿ ಹಳೇ ಯಂತ್ರಗಳನ್ನು ಕೊಂಡು ಬಿಚ್ಚಿ ನೋಡಿದಾಗ ಒಂದರಲ್ಲಿ ಅಫಿನಿಟಿ ಎಂಬ ಆರೋಗ್ಯ ವಿಮಾ ಸಂಸ್ಥೆಯ ರೋಗಿಗಳ ದಾಖಲೆ ಸಿಕ್ಕಿತು. 2013ರಲ್ಲಿ ಆ ಸಂಸ್ಥೆ ಸುಮಾರು 12 ಲಕ್ಷ ಡಾಲರ್ ತೆತ್ತು ಪ್ರಕರಣ ಮುಗಿಸಿಕೊಂಡಿತು. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವಾಗ ಡ್ರಮ್ ನೋಡುತ್ತೇವೆ, ಟೋನರ್ ನೋಡುತ್ತೇವೆ. ಮಾರುವಾಗ ಡಿಸ್ಕ್ ತೆಗೆದಿಟ್ಟುಕೊಂಡವರನ್ನು ನಾನಂತೂ ಕಂಡಿಲ್ಲ.

10. ಕೊಡುವ ಮೊದಲು ಎಣಿಸಿ

ಮೂಲ ಕಡತಗಳ ಪುಟಸಂಖ್ಯೆ ಕೂಡಿ, ಜೋಡಿಸಿದ್ದರ ಪುಟಸಂಖ್ಯೆಗೆ ತಾಳೆ ನೋಡಿ. ಬೇರೆ ರೀಡರ್‌ನಲ್ಲಿ ಒಮ್ಮೆ ತೆರೆಯಿರಿ. ಎ4 ಮತ್ತು ಲೀಗಲ್ ಹಾಳೆಗಳು ಒಟ್ಟಿಗಿದ್ದರೆ ಗಾಬರಿ ಬೇಡ, ಒಂದೇ ಕಡತದಲ್ಲಿ ಬೇರೆ ಬೇರೆ ಅಳತೆಯ ಪುಟ ಇರಬಹುದು. ಮುದ್ರಿಸುವಾಗ ಮಾತ್ರ ‘ಫಿಟ್’ ಕೊಡಿ. ಕಡತದ ಹೆಸರಿನಲ್ಲಿ ಆಧಾರ್ ಸಂಖ್ಯೆ, ಫೋನ್ ನಂಬರು ಬರೆಯಬೇಡಿ. ಒಳಗೆ ಎಷ್ಟೇ ಬೀಗ ಹಾಕಿದರೂ ಹೆಸರು ಎಲ್ಲರಿಗೂ ಕಾಣುತ್ತದೆ.

11. ಉಯಿಲು ತಂದವರಿಗೆ

ಉಯಿಲು, ವಿಚ್ಛೇದನದ ಕಾಗದ, ಆಸ್ಪತ್ರೆಯ ವರದಿ ತಂದು ಅಳುಕುತ್ತ ನಿಂತವರಿದ್ದರೆ ಅವರ ಫೋನಿನಲ್ಲೇ ಮಾಡಿಕೊಳ್ಳಲು ಹೇಳಿಕೊಡುತ್ತೇನೆ. ಐಫೋನ್‌ನಲ್ಲಿ ‘ಫೈಲ್ಸ್’ ತೆರೆದು, ಬೇಕಾದ ಕಡತಗಳನ್ನು ಆರಿಸಿ, ಕೆಳಗಿನ ಮೂರು ಚುಕ್ಕಿ ಒತ್ತಿ ‘ಕ್ರಿಯೇಟ್ ಪಿಡಿಎಫ್’ ಅಂದರೆ ಮುಗಿಯಿತು. ಕ್ರಮ ತಪ್ಪಿದ್ದರೆ ತೆರೆದು ಪುಟಚಿತ್ರಗಳನ್ನು ಎಳೆದು ಸರಿಮಾಡಬಹುದು. ಆ್ಯಂಡ್ರಾಯ್ಡ್‌ನವರಿಗೆ ಕಾಗದದ ಫೋಟೊಗಳೇ ಇದ್ದರೆ ಸುಲಭ: ಹಲವು ಫೋನ್‌ಗಳ ಗ್ಯಾಲರಿಯಲ್ಲಿ ಎಲ್ಲ ಆರಿಸಿ ‘ಪ್ರಿಂಟ್’ ಕೊಟ್ಟು, ಪ್ರಿಂಟರ್ ಬದಲು ‘ಸೇವ್ ಆ್ಯಸ್ ಪಿಡಿಎಫ್’ ಆರಿಸಬೇಕು. ಪಿಡಿಎಫ್‌ಗಳನ್ನೇ ಜೋಡಿಸಬೇಕಿದ್ದರೆ ಆ್ಯಪ್ ಬೇಕಾಗುತ್ತದೆ. ಫ್ಲೈಟ್ ಮೋಡ್‌ನಲ್ಲಿ ಕೆಲಸ ಮಾಡದ ಆ್ಯಪ್ ಇಟ್ಟುಕೊಳ್ಳಬೇಡಿ. ಗೂಗಲ್ ಡ್ರೈವ್‌ನ ಸ್ಕ್ಯಾನ್ ಚೆನ್ನಾಗಿಯೇ ಬರುತ್ತದೆ, ಆದರೆ ಅದು ಡ್ರೈವ್‌ಗೇ ಹೋಗಿ ಕೂರುತ್ತದೆ. ಇದಕ್ಕೆಲ್ಲ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಪ್ರಿಂಟ್ ತೆಗೆಸಿದರೆ ಪುಟಕ್ಕಿಷ್ಟು ಅಂತ ಇದ್ದೇ ಇದೆ.